ವೀನ್‌ಗೆ ಹೋಗಿ ಬಂದ ಶೀನ

"ವಿಯೆನ್ನಾ ಅನ್ನಬಾರದು ಕಣೋ, ವೀನ್ ಅನ್ನಬೇಕು" ಎಂದ ಶೀನ.

ಯುರೋಪ್ ಟೂರ್ ಮುಗಿಸಿ ಬಂದ ಮೇಲೆ ಅವನ ಬಾಯಲ್ಲಿ ಒಂದು ರಾಜಧಾನಿಗೂ ಹಳೇ ಹೆಸರು ಉಳಿದಿಲ್ಲ. ಪ್ರೇಗ್ ಹೋಗಿ ಪ್ರಹಾ ಆಯಿತು. ವಾರ್ಸಾ ಹೋಗಿ ವರ್ಶಾವಾ ಆಯಿತು. ಗಾಂಧಿ ಬಜಾರಿನಲ್ಲಿ ನಮ್ಮ ಬೈಟು ಕಾಫಿ ಆರುತ್ತಿತ್ತು.

"ಊರಿನವರು ಏನಂತಾರೋ ನಾವೂ ಅದನ್ನೇ ಅನ್ನಬೇಕು. ಅದು ಮರ್ಯಾದೆ."

"ಪ್ರಹಾದವರು ವೀನ್‌ಗೆ ಏನಂತಾರೆ, ಕೇಳಿದ್ಯಾ?" ಎಂದ ನಾಣಿ. "ವೀದೆನ್! ರೈಲಿನಲ್ಲಿ ಸುಮಾರು 4 ಗಂಟೆ ದಾರಿ, ಪಕ್ಕದ ದೇಶ. ಅವರಿಗಿಲ್ಲದ ಮರ್ಯಾದೆ ಬಸವನಗುಡಿಯವನಿಗೆ ಯಾಕೋ? ವೀನ್‌ನವರೂ ಕಮ್ಮಿ ಇಲ್ಲ, ಪ್ರಹಾನ ಪ್ರಾಗ್ ಅಂತಾರೆ. ಹಂಗರಿಯವರಿಗೆ ವಿಯೆನ್ನಾ ಅಂದರೆ ಬೇಚ್. ಸ್ಲೊವೇನಿಯಾದವರಿಗೆ ದುನಾಯ್."

"ದುನಾಯಾ?"

"ಅಲ್ಲೇ ಇರೋದು ಮಜಾ. ಪ್ರಹಾದವರ ಜೆಕ್ ಭಾಷೆಯಲ್ಲಿ ದುನಾಯ್ ಅಂದರೆ ಡ್ಯಾನ್ಯೂಬ್ ಹೊಳೆ. ಸ್ಲೊವೇನಿಯಾದವನು ನಿನ್ನ ಪ್ರಹಾಗೆ ಹೋಗಿ 'ದುನಾಯ್‌ಗೆ ಒಂದು ಟಿಕೆಟ್ ಕೊಡಿ' ಅಂದರೆ, ಕೌಂಟರಿನವನು 'ಈಜು ಬರುತ್ತಾ?' ಅಂತ ಕೇಳುತ್ತಾನೆ."

ಮೇಷ್ಟ್ರಿಗೆ ಕಾಫಿ ನೆತ್ತಿಗೇರಿತು.

ಶೀನ ಬಿಡಲಿಲ್ಲ. "2014ರ ನವೆಂಬರ್ 1ಕ್ಕೆ ನಾವು 12 ಊರುಗಳ ಹೆಸರು ಬದಲಾಯಿಸಲಿಲ್ವಾ? ಬ್ಯಾಂಗಲೋರ್ ಅನ್ನಬೇಡಿ ಅಂತ ತಾನೇ?"

"ಬದಲಾಗಿದ್ದು ಇಂಗ್ಲಿಷ್ ಬೋರ್ಡು. ಬೇಗೂರಿನ ಶಾಸನದ ಕಲ್ಲಿನಲ್ಲಿ ಬೆಂಗಳೂರು ಸುಮಾರು 1,100 ವರ್ಷದಿಂದ ಕೂತಿದೆ. ಅಷ್ಟಕ್ಕೂ ಆಫೀಸಿನ ಫೋನಿನಲ್ಲಿ ನೀನು ಏನನ್ನುತ್ತೀಯ?"

"ಬ್ಯಾಂಗಲೋರ್. ಅದು ಆಫೀಸು ಕಣೋ."

"ಅದಿರಲಿ, ಹೊಸ ಬೋರ್ಡನ್ನು ಎಲ್ಲರೂ 'ಬೆಂಗಲುರು' ಅಂತ ಓದುತ್ತಾರಲ್ಲ, ನಮ್ಮ ಳ ಎಲ್ಲಿ ಹೋಯಿತು?" ಮೇಷ್ಟ್ರು ಕಣ್ಣೊರೆಸಿಕೊಂಡು ಕೇಳಿದರು.

"ಸಿಲ್ಕ್ ಬೋರ್ಡ್ ಹತ್ತಿರ ನಿಂತಿದೆ ಸಾರ್. ಬರುತ್ತೆ."

ಆಮೇಲೆ ನಾಣಿ ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ಕೂತ. "ನಮ್ಮಜ್ಜಿ ಬೊಂಬಾಯಿ ಅನ್ನುತ್ತಿದ್ದಳು. ಅಲ್ಲಿ ಅವಳ ತಮ್ಮ ಹೋಟೆಲಿನಲ್ಲಿದ್ದ. ಮದರಾಸು ಅನ್ನುತ್ತಿದ್ದಳು, ಕಣ್ಣು ತೋರಿಸಲು ಹೋಗಿದ್ದಳು. ತನ್ನವರು ಯಾರೂ ಇಲ್ಲದ ಊರುಗಳನ್ನು ಮಾತ್ರ ಪೇಪರಿನಲ್ಲಿದ್ದ ಹಾಗೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಹಂಗರಿಯವರಿಗೂ ವಿಯೆನ್ನಾದಲ್ಲಿ ಯಾರೋ ತಮ್ಮ ಇದ್ದಿರಬೇಕು. ನಿನಗ್ಯಾರಿದ್ದಾರೋ ಅಲ್ಲಿ?"

ಶೀನ ಯೋಚಿಸಿದ. "ಗೈಡ್ ಇದ್ದ. ಒಳ್ಳೇ ಮನುಷ್ಯ."

"ನಿನ್ನನ್ನು ಏನಂತ ಕರೆಯುತ್ತಿದ್ದ?"

"ಶ್ರೀನಿವಾಸ ಅನ್ನೋದಕ್ಕೆ ಪಾಪ ಅವನಿಗೆ ನಾಲಿಗೆ ತಿರುಗುತ್ತಿರಲಿಲ್ಲ. ಮಿಸ್ಟರ್ ಸಿನಿ ಅನ್ನುತ್ತಿದ್ದ."

"ತಿದ್ದಿದ್ಯಾ?"

"ಇಲ್ಲ ಕಣೋ. ಕೇಳೋದಕ್ಕೆ ಚೆನ್ನಾಗಿತ್ತು."