ಝೆಡ್9 ಬುಕ್ ಮಾಡಿ ಕಾಯ್ತಾ ಇರೋರು ಇಲ್ಲಿ ಕೇಳಿ: ರಿಪೇರಿ ಮಾವನ ಜೊತೆ ಪ್ರಶ್ನೋತ್ತರ

ಅಡ್ಮಿನ್ (ಏಪ್ರಿಲ್ 2022, ಭಾನುವಾರ ಬೆಳಿಗ್ಗೆ): ಸ್ನೇಹಿತರೇ, ನಿಕಾನ್ ಝೆಡ್9 ಕ್ಯಾಮೆರಾ ಕಳೆದ ಅಕ್ಟೋಬರ್ 28ಕ್ಕೆ ಘೋಷಣೆ ಆಯ್ತು. ನಮ್ಮ ಗುಂಪಲ್ಲೇ ಹತ್ತಾರು ಜನ ಬುಕ್ ಮಾಡಿ ಕೂತಿದ್ದೀರಿ, ದಿನಾ ಅದೇ ಚರ್ಚೆ. ಹಾಗಾಗಿ ಬೆಂಗಳೂರಲ್ಲಿ 26 ವರ್ಷದಿಂದ ಕ್ಯಾಮೆರಾ, ಲೆನ್ಸ್ ರಿಪೇರಿ ಮಾಡ್ತಿರೋ ನಮ್ಮ ರಿಪೇರಿ ಮಾವನ್ನ ಒಪ್ಪಿಸಿದ್ದೀನಿ. ಇವತ್ತು ಅಂಗಡಿ ರಜ. ಬಿಡುವಾದಾಗ ಉತ್ತರ ಕೊಡ್ತಾರೆ. ಗೌರವದಿಂದ ಕೇಳಿ.

ಕಬಿನಿ ಕಾಯಂ ಗಿರಾಕಿ: ನಮಸ್ಕಾರ ಸರ್. ಡಿಸೆಂಬರ್‌ನಲ್ಲೇ ಅಡ್ವಾನ್ಸ್ ಕೊಟ್ಟೆ. ಹಿನ್ನೀರಿಗೆ ಆನೆ ಹಿಂಡು ಇಳಿಯೋ ಕಾಲ ಶುರುವಾಗಿದೆ, ಮೇ ತಿಂಗಳ ಸಫಾರಿ ಬುಕ್ ಆಗಿದೆ. ಅಷ್ಟರೊಳಗೆ ಕ್ಯಾಮೆರಾ ಸಿಗುತ್ತಾ?

ರಿಪೇರಿ ಮಾವ: ನಮಸ್ಕಾರ. ಗೊತ್ತಿಲ್ಲ. ಆರ್ಡರ್ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಂದಿದೆ, ತಡ ಆಗುತ್ತೆ, ಕ್ಷಮಿಸಿ ಅಂತ ಕಂಪನಿಯವರೇ ಹೇಳಿದ್ದಾರೆ. ಅದಕ್ಕಿಂತ ಹೆಚ್ಚು ಗೊತ್ತು ಅನ್ನೋ ಡೀಲರ್ ನಿಮ್ಮ ಮೂಗಿಗೆ ತುಪ್ಪ ಸವರ್ತಿದ್ದಾನೆ ಅಂತ ತಿಳ್ಕೊಳ್ಳಿ. ನಿಮ್ಮ ಹತ್ರ ಈಗ ಯಾವ ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಇದೆ?

ಕಬಿನಿ ಕಾಯಂ ಗಿರಾಕಿ: ಡಿ500 ಸರ್. 1 ಲಕ್ಷ 40 ಸಾವಿರ ಶಟರ್ ಕೌಂಟ್, ಅಂದರೆ ಅಷ್ಟು ಫೋಟೋ ಹೊಡೆದಾಗಿದೆ.

ರಿಪೇರಿ ಮಾವ: ಆ ಶಟರ್ ಅನ್ನು 2 ಲಕ್ಷಕ್ಕೆ ಪರೀಕ್ಷೆ ಮಾಡಿರ್ತಾರೆ. ಅದು ಎಕ್ಸ್‌ಪೈರಿ ಡೇಟ್ ಅಲ್ಲ. ಸೆಕೆಂಡಿಗೆ 10 ಫ್ರೇಮ್ ಹೊಡೆಯುತ್ತೆ, ಆನೆಗೆ ಧಾರಾಳ. ಸೆನ್ಸರ್ ಕ್ಲೀನ್ ಮಾಡಿಸಿ, ಮೌಂಟ್ ಸ್ಕ್ರೂ ಬಿಗಿ ಇದೆಯಾ ನೋಡಿಸಿ, ಹೋಗಿ ಬನ್ನಿ.

ಹುಬ್ಬಳ್ಳಿ ಹುಡುಗ: ಸರ್ ನಮಸ್ಕಾರ್ರೀ. ಝೆಡ್9 ಯಾವಾಗ ಬರ್ತೈತ್ರೀ?

ರಿಪೇರಿ ಮಾವ: ಮೇಲೆ ಓದಿ.

ಶಿರಸಿ ಮಂಗಟ್ಟೆ: ಸರ್, ನಂದು ಬೇರೆ ಸಮಸ್ಯೆ. ಝೆಡ್9 ಬಂದಮೇಲೆ ಹಳೇ ಲೆನ್ಸ್ ಕೂರಿಸೋ ಅಡಾಪ್ಟರ್ ಹಾಕಿ ಬಳಸೋಣ ಅಂತ 200-500 ಎಂಎಂ ಲೆನ್ಸನ್ನು ಬ್ಯಾಗಲ್ಲೇ ಇಟ್ಟಿದ್ದೆ. ಹೋದ ಮಳೆಗಾಲದಿಂದ ತೆಗೆದೇ ಇರಲಿಲ್ಲ. ಮೊನ್ನೆ ನೋಡಿದರೆ ಒಳಗೆ ಜೇಡರ ಬಲೆ ಥರ ಬಿಳಿ ಎಳೆ. ಇನ್ನೊಂದು ಗುಂಪಿನಿಂದ ಬಂದ ಫಾರ್ವರ್ಡ್ ನೋಡಿ ಮೂರು ದಿನ ಅಕ್ಕಿ ಡಬ್ಬಿಯಲ್ಲಿ ಇಟ್ಟೆ. ಈಗ ದಿನಾ ಎರಡು ತಾಸು ಅಂಗಳದಲ್ಲಿ ಬಿಸಿಲಿಗೆ ಇಡ್ತಿದ್ದೇನೆ. ಪಕ್ಕದಲ್ಲಿ ಕರ್ಪೂರ ಇಡಿ ಅಂತಲೂ ಬರೆದಿದ್ದರು. ಇಡಲಾ?

ರಿಪೇರಿ ಮಾವ: ಮೇಡಂ, ಮೊದಲು ಬಿಸಿಲಿನಿಂದ ಎತ್ತಿ ಒಳಗಿಡಿ. ಇಟ್ಟು ಬಂದು ಮುಂದೆ ಓದಿ.

ಅದು ಫಂಗಸ್, ಅಂದರೆ ಬೂಷ್ಟು. ಅಕ್ಕಿಯಿಂದ ಫಂಗಸ್ ಸಾಯಲ್ಲ. ಅಕ್ಕಿ ಪುಡಿ ಒಳಗೆ ಹೋದರೆ ಅದಕ್ಕೆ ಊಟ ಹಾಕಿದ ಹಾಗೆ. ಬಿಸಿಲಿಗೆ ಬೆಳವಣಿಗೆ ಸ್ವಲ್ಪ ನಿಲ್ಲಬಹುದು, ಎಳೆ ಹೋಗಲ್ಲ. ಆದರೆ ಕಪ್ಪು ಬ್ಯಾರಲ್ ಕಾದು ಒಳಗಿನ ಗ್ರೀಸ್ ತೆಳುವಾಗಿ ಅಪರ್ಚರ್ ಎಲೆಗಳ (ಬೆಳಕು ಹೆಚ್ಚು ಕಡಿಮೆ ಮಾಡೋ ಕಿಂಡಿಯ ಎಲೆಗಳು) ಮೇಲೆ ಹರಿಯುತ್ತೆ. ಆ ಲೆನ್ಸಿನ ಅಪರ್ಚರ್ ವಿದ್ಯುತ್ತಿನಿಂದ ಆಡೋದು, ಎಣ್ಣೆ ಕೂತರೆ ಅಂಟ್ಕೊಳ್ಳುತ್ತೆ. ಕರ್ಪೂರ, ನುಸಿಗುಳಿಗೆ ಎರಡೂ ಬೇಡ. ಅದರ ಆವಿ ಗಾಜಿನ ಮೇಲೆ ಪೊರೆಯಾಗಿ ಕೂರುತ್ತೆ. ದೇವರ ಮುಂದೆ ಹಚ್ಚಿ, ಲೆನ್ಸ್ ಪಕ್ಕ ಇಡಬೇಡಿ.

ಲೆನ್ಸ್ ಬಿಚ್ಚಿ ತೊಳೆದರೆ ಎಳೆ ಹೋಗುತ್ತೆ. ಗಾಜಿನ ಮೇಲಿನ ಲೇಪನ, ಅಂದರೆ ಕೋಟಿಂಗ್, ಕೊರೆದಿದ್ದರೆ ಕಲೆ ಉಳಿಯುತ್ತೆ, ಅದಕ್ಕೆ ತಡ ಮಾಡಬೇಡಿ. ಬೇರೆ ಲೆನ್ಸ್‌ಗಳನ್ನ ಆ ಬ್ಯಾಗಿಂದ ಹೊರಗೆ ತೆಗೀರಿ, ಆ ಬ್ಯಾಗಂತೂ ಬಿಸಿಲಿಗೆ ಹಾಕಿ. ಶಿರಸಿ ಮಳೆಗೆ ಡ್ರೈ ಕ್ಯಾಬಿನೆಟ್ ತಗೊಳ್ಳಿ, ತೇವಾಂಶ 40ರಿಂದ 50 ಪರ್ಸೆಂಟ್. ಅಷ್ಟು ಬೇಡ ಅಂದ್ರೆ ಗಾಳಿ ಆಡದ ಡಬ್ಬಿ, ಸಿಲಿಕಾ ಜೆಲ್, ಒಂದು ತೇವಾಂಶ ಮೀಟರ್. ಜೆಲ್ ನೀಲಿ ಹೋಗಿ ಗುಲಾಬಿ ಆದರೆ ಬಿಸಿ ಮಾಡಿ ಒಣಗಿಸಿ.

ಮೇಷ್ಟ್ರು (ನಿವೃತ್ತ): ನಮಸ್ಕಾರ. ಈ ಕ್ಯಾಮೆರಾಕ್ಕೆ ನನ್ನ ಹಳೆಯ ಟ್ರೈಪಾಡಿನ ಬಾಲ್ ಹೆಡ್ (ಕ್ಯಾಮೆರಾ ಕೂರಿಸುವ, ತಿರುಗುವ ತಲೆ) ಸಾಕಾಗುತ್ತದೆಯೇ? 5 ಕೆಜಿ ತಡೆಯುತ್ತದೆ ಎಂದು ಬರೆದಿದೆ.

ಕುಂದಾಪುರದ ಕಡಲು: ನ್ಯೂಸ್ ಕಂಡ್ರಾ ಮಾರಾಯ್ರೆ? ಕಸ್ಟಮ್ಸ್‌ನವರು ಹಿಡಿದ ಝೆಡ್9 ಹರಾಜಿಗೆ ಹಾಕ್ತಿದ್ದಾರಂತೆ, 1 ಲಕ್ಷ 20 ಸಾವಿರಕ್ಕೆ. 5,000 ಕಟ್ಟಿದ್ರೆ ಹೆಸರು ಬರ್ಕೊಳ್ತಾರಂತೆ. ಲಿಂಕ್ ಹಾಕ್ತೆ.

ರಿಪೇರಿ ಮಾವ: ಹಾಕಬೇಡಿ. ಅಡ್ಮಿನ್, ಲಿಂಕ್ ಬಂದರೆ ಅಳಿಸಿ. 4,75,995 ರೂಪಾಯಿ ಕ್ಯಾಮೆರಾ 1.2 ಲಕ್ಷಕ್ಕೆ ಯಾರೂ ಕೊಡಲ್ಲ. ಕಟ್ಟಿಬಿಟ್ಟಿದ್ದರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಳೆ ಅನ್ನಬೇಡಿ.

ಕುಂದಾಪುರದ ಕಡಲು: ನಾನು ಕಟ್ಲಿಲ್ಲ, ಭಾವ ಕಟ್ಟಿದ್ದು.

ದಾವಣಗೆರೆ ಸ್ಟುಡಿಯೋ: ಸರ್, ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ನಂದು ಮದುವೆ ಫೋಟೋಗ್ರಫಿ. ಎರಡು ಡಿ850 ಇತ್ತು. ಝೆಡ್9 ಗೆ ದುಡ್ಡು ಹೊಂದಿಸೋಕೆ ಫೆಬ್ರವರಿಯಲ್ಲಿ ಎರಡನ್ನೂ ಮಾರೋಕೆ ಮಾತಾಡಿದೆ, ಡೀಲರ್‌ಗೆ ಪೂರ್ತಿ ಹಣ ಕಟ್ಟಿದೆ. ಅವರು ಪ್ರತಿ ಸೋಮವಾರ "ಮುಂದಿನ ವಾರ" ಅಂತಾರೆ. ಮೇ 3 ಅಕ್ಷಯ ತೃತೀಯ, ಆ ವಾರ ನಾಲ್ಕು ಮದುವೆ ಒಪ್ಕೊಂಡಿದ್ದೀನಿ. ಇನ್ನೊಬ್ಬ ಡೀಲರ್ 25 ಸಾವಿರ ಮೇಲೆ ಕೊಟ್ರೆ ನಾಳೆನೇ ಕೊಡ್ತೀನಿ ಅಂತಾನೆ. ಕೊಟ್ಟುಬಿಡಲಾ? ಇನ್ನೊಂದು ಭಯ, ಇದರಲ್ಲಿ ಮೆಕ್ಯಾನಿಕಲ್ ಶಟರ್ ಇಲ್ಲ, ಕಲ್ಯಾಣ ಮಂಟಪದ ಎಲ್‌ಇಡಿ ಲೈಟಲ್ಲಿ ಫೋಟೋ ಪೂರ್ತಿ ಪಟ್ಟೆ ಪಟ್ಟೆ ಬರುತ್ತೆ ಅಂತ ಮೆಸೇಜ್ ಓಡಾಡ್ತಿದೆ.

ರಿಪೇರಿ ಮಾವ: ಬೆಳಿಗ್ಗೆಯಿಂದ ಬಂದಿರೋದರಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೊಂದೇ. ಕೂತು ಬರೀತೀನಿ.

25 ಸಾವಿರದ ಮಾತು ಬಿಡಿ. ಡಬ್ಬದ ಮೇಲೆ ಮುದ್ರಿಸಿರೋ ಎಂಆರ್‌ಪಿ ಮೇಲೆ ಒಂದು ರೂಪಾಯಿ ತಗೊಳ್ಳೋ ಹಾಗಿಲ್ಲ. ಆ 25 ಸಾವಿರಕ್ಕೆ ಬಿಲ್ ಕೊಡ್ತಾನಾ ಕೇಳಿ ನೋಡಿ. ಕೊಡಲ್ಲ. ಇನ್ನು ಪೂರ್ತಿ ಹಣ ಕಟ್ಟಿದ ಕಡೆ, ನಿಮ್ಮ ಹತ್ರ ಏನು ರಸೀದಿ ಇದೆ? ಅಡ್ವಾನ್ಸ್ ಅಂತ ಬರೆದು, ಜಿಎಸ್‌ಟಿ ನಂಬರ್ ಹಾಕಿ, ಬೇಡ ಅಂದರೆ ಹಣ ವಾಪಸ್ ಅನ್ನೋ ಒಂದು ಸಾಲು ಇರೋ ಕಾಗದ ಇಲ್ಲದೇ ಇದ್ದರೆ ನಾಳೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ ಬರೆಸ್ಕೊಳ್ಳಿ. ವಾಟ್ಸಾಪ್‌ನಲ್ಲಿ "ಓಕೆ ಅಣ್ಣ" ಅಂದಿದ್ದು ರಸೀದಿ ಅಲ್ಲ.

ಪಟ್ಟೆ ವಿಷಯ. ಶಟರ್ ಪರದೆ ಇಲ್ಲ ಅನ್ನೋದು ನಿಜ. ಆದರೆ ಇದರ ಸೆನ್ಸರ್ ಸ್ಟ್ಯಾಕ್ಡ್ ಜಾತಿದು, ಬಹಳ ಬೇಗ ಓದೋದು. ಮೇಲಿಂದ ಕೆಳಗೆ ಓದಿ ಮುಗಿಸೋಕೆ ಸೆಕೆಂಡಿನ ಸುಮಾರು 270ನೇ ಒಂದು ಭಾಗ ಸಾಕು. ನಿಮ್ಮ ಡಿ850 ಪರದೆ ಸೆನ್ಸರ್ ದಾಟೋಕೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಅಂದರೆ ಡಿ850ಲ್ಲಿ ಪಟ್ಟೆ ಬರೋ ಮಂಟಪದಲ್ಲಿ ಇದರಲ್ಲೂ ಬರುತ್ತೆ, ಅಲ್ಲಿ ಬರದೇ ಇದ್ದರೆ ಇಲ್ಲೂ ಬರೋದು ಕಮ್ಮಿ. ವೇದಿಕೆ ಹಿಂದೆ ಎಲ್‌ಇಡಿ ವಾಲ್ ಇಟ್ಟು ಶಟರ್ ಸ್ಪೀಡ್ 1/1000ರಲ್ಲಿ ಹೊಡೆದರೆ ಯಾರಪ್ಪನ ಕ್ಯಾಮೆರಾ ಆದರೂ ಪಟ್ಟೆನೇ. ನಮ್ಮ ಕರೆಂಟ್ 50 ಹರ್ಟ್ಜ್, ಸಾದಾ ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ. 1/100 ಅಥವಾ 1/50 ಇಟ್ಟು ನೋಡಿ. ಎಲ್‌ಇಡಿ ವಾಲ್‌ಗೆ ಈ ಲೆಕ್ಕ ನಡೆಯಲ್ಲ, ಅಲ್ಲಿ ಹೋಗಿ ಒಂದೊಂದು ಸ್ಪೀಡ್ ಹೊಡೆದು ನೋಡಬೇಕು. ಫ್ಲ್ಯಾಶ್ ಜೊತೆ ಹೊಂದೋ ಸ್ಪೀಡ್ (ಸಿಂಕ್) 1/200.

ನೀವು ಕೇಳದೇ ಇರೋದು ಹೇಳ್ತೀನಿ. ನಿಮ್ಮ ಲೆನ್ಸ್ ಯಾವುವು? ಎಎಫ್-ಎಸ್ (ಫೋಕಸ್ ಮೋಟಾರ್ ಲೆನ್ಸಲ್ಲೇ ಇರೋವು) ಆದರೆ ಎಫ್‌ಟಿಝೆಡ್ ಅಡಾಪ್ಟರ್ ಹಾಕಿದರೆ ಫೋಕಸ್ ಮಾಡುತ್ತೆ. ಹಳೇ ಎಎಫ್-ಡಿ ಆದರೆ, ಅದೇ 85 ಎಂಎಂ ಡಿ, 80-200 ಡಿ ಥರದವು, ಮಾಡಲ್ಲ. ಅವನ್ನು ತಿರುಗಿಸೋ ಮೋಟಾರ್ ಡಿ850 ಬಾಡಿಯಲ್ಲಿತ್ತು, ಅಡಾಪ್ಟರ್‌ನಲ್ಲಿ ಇಲ್ಲ. ಧಾರೆ ಹೊತ್ತಲ್ಲಿ ಕೈಯಲ್ಲಿ ಫೋಕಸ್ ತಿರುಗಿಸ್ತೀರಾ? ಕಾರ್ಡ್ ಸ್ಲಾಟ್ ಎರಡೂ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ. ನಿಮ್ಮ ಡ್ರಾಯರ್ ತುಂಬ ಇರೋ ಎಸ್‌ಡಿ ಕಾರ್ಡ್ ಒಂದೂ ಹಿಡಿಸಲ್ಲ. ಎಕ್ಸ್‌ಕ್ಯೂಡಿ ಇದ್ದರೆ ನಡೆಯುತ್ತೆ. ರೀಡರ್ ಬೇರೆ. ಒಂದೊಂದು ರಾ ಫೈಲ್ 50 ಎಂಬಿ ಆಸುಪಾಸು, ಸೆಕೆಂಡಿಗೆ 20 ಒತ್ತಿದರೆ 1 ಜಿಬಿ. ನಿಮ್ಮ ಎಡಿಟಿಂಗ್ ಹುಡುಗನ್ನ ಒಂದು ಮಾತು ಕೇಳಿ.

ಕೊನೇದು. ನಾಳೆನೇ ಸಿಕ್ಕಿದರೂ ಅಕ್ಷಯ ತೃತೀಯದ ಮದುವೆಗೆ ಅದನ್ನ ಮುಖ್ಯ ಕ್ಯಾಮೆರಾ ಮಾಡ್ಕೋಬೇಡಿ. ಮೆನು ಕೈಗೆ ಕೂರೋಕೇ ಒಂದು ತಿಂಗಳು ಬೇಕು. ಮಾಂಗಲ್ಯಧಾರಣೆಗೆ ರೀಟೇಕ್ ಇಲ್ಲ. ಎರಡು ಡಿ850 ಬಾಡಿಗೆಗೆ ಈಗಲೇ ಹೇಳಿಡಿ, ಆ ವಾರ ಎಲ್ಲರೂ ಹುಡುಕ್ತಿರ್ತಾರೆ.

ದಾವಣಗೆರೆ ಸ್ಟುಡಿಯೋ: ಸರ್... 80-200 ಡಿನೇ ಇರೋದು. 85ನೂ ಡಿ. ಯಾರೂ ಹೇಳಿರಲಿಲ್ಲ.

ಕ್ಯಾನನ್ ಕಟ್ಟಾಳು: ಅದಕ್ಕೇ ಹೇಳೋದು, ಕ್ಯಾನನ್ ಆರ್3 ತಗೊಳ್ಳಿ ಅಂತ.

ಕಬಿನಿ ಕಾಯಂ ಗಿರಾಕಿ: ಆರ್3 ಸಿಗ್ತಾ ಇದೆಯಾ ಗುರೂ? ಅದಕ್ಕೂ ಕ್ಯೂ. ಅದೂ ಎಂತದ್ದು, 24 ಮೆಗಾಪಿಕ್ಸೆಲ್‌ಗೆ 5 ಲಕ್ಷ. ಇಲ್ಲಿ 45.7.

ಕ್ಯಾನನ್ ಕಟ್ಟಾಳು: ಮೆಗಾಪಿಕ್ಸೆಲ್ ಎಣಿಸೋರು ಮೊಬೈಲ್ ತಗೊಳ್ಳಿ. ನಿಮ್ಮ ಹುಲಿ ಫೋಟೋ ನೋಡಿದ್ದೀನಿ, ಫೋಕಸ್ ಹುಲಿ ಹಿಂದಿನ ಲಂಟಾನ ಮೇಲಿತ್ತು.

ಕಬಿನಿ ಕಾಯಂ ಗಿರಾಕಿ: ನೀವು ಹುಲಿ ನೋಡಿರೋದೇ ನನ್ನ ಫೋಟೋದಲ್ಲಿ.

ಅಡ್ಮಿನ್: ಇಬ್ಬರೂ ಸಾಕು.

ನ್ಯೂಜೆರ್ಸಿ ಕನ್ನಡಿಗ: ಇಲ್ಲಿ ಎನ್‌ಪಿಎಸ್ (ವೃತ್ತಿಪರರಿಗಿರೋ ನಿಕಾನ್ ಸೇವಾ ಬಳಗ) ಸದಸ್ಯರಿಗೆ ಮೊದಲ ಆದ್ಯತೆ, ಹಾಗೆ ನಂದು ಬಂತು. 5,499.95 ಡಾಲರ್, ಟ್ಯಾಕ್ಸ್ ಬೇರೆ. ಜೂನಿನಲ್ಲಿ ಊರಿಗೆ ಬರುವಾಗ ಯಾರಿಗಾದ್ರೂ ಒಂದು ತರಬಹುದು ಅನ್ಕೊಂಡಿದ್ದೀನಿ. ಅಲ್ಲಿಗಿಂತ ಅಗ್ಗ ಅಲ್ವಾ?

ಹುಬ್ಬಳ್ಳಿ ಹುಡುಗ: ಅಣ್ಣಾ ನನಗ ತರ್ರೀ!

ರಿಪೇರಿ ಮಾವ: ಲೆಕ್ಕ ಹಾಕಿ. ಅಲ್ಲಿ ಸುಮಾರು 4,20,000 ಆಯ್ತು ಅನ್ನಿ. 50 ಸಾವಿರ ವಿನಾಯಿತಿ ಕಳೆದರೆ 3,70,000. ಅದರ ಮೇಲೆ ಬ್ಯಾಗೇಜ್ ಸುಂಕ 38.5 ಪರ್ಸೆಂಟ್, 1,42,450. ಒಟ್ಟು 5,62,450. ಇಲ್ಲಿನ ವಾರಂಟಿಯೂ ಇಲ್ಲ. ಸುಂಕ ಕಟ್ಟದೆ ತರ್ತೀನಿ ಅನ್ನೋರು ನನ್ನ ಹತ್ರ ಲೆಕ್ಕ ಕೇಳಬೇಡಿ.

ನ್ಯೂಜೆರ್ಸಿ ಕನ್ನಡಿಗ: ಸರ್, ನಾನು ಹಾಗೆ ಹೇಳಲೇ ಇಲ್ಲವಲ್ಲ. ಸಹಾಯ ಮಾಡೋಣ ಅಂದ್ರೆ ಕಳ್ಳಸಾಗಣೆ ಮಾಡೋನ ಥರ ಮಾತಾಡ್ತೀರಿ.

ರಿಪೇರಿ ಮಾವ: ನಿಮಗಲ್ಲ ಹೇಳಿದ್ದು. ನಿಮ್ಮ ಕ್ಯಾಮೆರಾ ಆಫ್ ಮಾಡಿ ಲೆನ್ಸ್ ತೆಗೆದಾಗ ಒಂದು ಪರದೆ ಮುಚ್ಚುತ್ತಲ್ಲ, ಅದು ಶಟರ್ ಅಲ್ಲ, ಧೂಳು ತಡೆಯೋ ಕವಚ. ಬೆರಳು, ಬ್ಲೋವರ್ ಮೂತಿ ತಾಗಿಸಬೇಡಿ.

ಮೇಷ್ಟ್ರು (ನಿವೃತ್ತ): ನನ್ನ ಪ್ರಶ್ನೆ ಮೇಲೆ ಹೋಯಿತು ಎಂದು ಕಾಣುತ್ತದೆ. ಬಾಲ್ ಹೆಡ್ 5 ಕೆಜಿಯದು.

ಕುಂದಾಪುರದ ಕಡಲು: ಚಿಪ್ ಕೊರತೆಯಿಂದ ಕ್ಯಾಮೆರಾ ತಡ ಅನ್ನೋದೆಲ್ಲ ಸುಳ್ಳಂತೆ, ಬೇಕಂತಲೇ ಗೋದಾಮಲ್ಲಿ ಇಟ್ಟು ಆಟ ಆಡಿಸ್ತಿದ್ದಾರಂತೆ. ಒಂದು ವಿಡಿಯೋ ಬಂದಿದೆ.

ರಿಪೇರಿ ಮಾವ: 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದ ಚಿಪ್ ಕಾರ್ಖಾನೆ ಸುಟ್ಟುಹೋಯ್ತು, 2021ರ ಮಾರ್ಚಲ್ಲಿ ಅಲ್ಲೇ ನಾಕಾದ ರೆನೆಸಾಸ್ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರು ಬುಕ್ ಮಾಡಿದವರೇ ತಿಂಗಳುಗಟ್ಟಲೆ ಕಾಯ್ತಿದ್ದಾರೆ. ಸಾವಿರ ರೂಪಾಯಿ ಬಿಡಿಭಾಗಕ್ಕೆ ನಾನು ನಾಲ್ಕು ತಿಂಗಳಿಂದ ಕಾಯ್ತಿದ್ದೀನಿ, ಅದನ್ನೂ ಗೋದಾಮಲ್ಲಿ ಅಡಗಿಸಿಟ್ಟಿದ್ದಾರಾ? ನಿಮ್ಮ ಭಾವ 1930ಕ್ಕೆ ಫೋನ್ ಮಾಡಿದ್ರಾ, ಅದು ಹೇಳಿ.

ಕುಂದಾಪುರದ ಕಡಲು: ಭಾವನಿಗೆ ನಾಚಿಕೆ ಆಗ್ತದಂತೆ.

ಸಿಲ್ಕ್‌ಬೋರ್ಡ್ ಟ್ರಾಫಿಕ್: 4.75 ಲಕ್ಷಕ್ಕೆ ನಮ್ಮೂರಲ್ಲಿ ಎರಡು ಜೊತೆ ಎತ್ತು ಬರುತ್ತೆ. ಫೋಟೋ ತೆಗೆಯೋದು ಕಣ್ಣು, ಕ್ಯಾಮೆರಾ ಅಲ್ಲ.

ಕಬಿನಿ ಕಾಯಂ ಗಿರಾಕಿ: ಹಾಗಾದ್ರೆ ಎತ್ತು ತಗೊಂಡು ಸಫಾರಿಗೆ ಬನ್ನಿ. ಪ್ರತಿ ಚರ್ಚೆಯಲ್ಲೂ ಇದೇ ಡೈಲಾಗು.

ಸಿಲ್ಕ್‌ಬೋರ್ಡ್ ಟ್ರಾಫಿಕ್: ಇಎಂಐನಲ್ಲಿ ಶೋಕಿ ಮಾಡೋರಿಗೆ ಉರಿಯುತ್ತೆ ಬಿಡಿ.

ಕ್ಯಾನನ್ ಕಟ್ಟಾಳು: ಇದಕ್ಕೆ ಮಾತ್ರ ನಾನು ಕಬಿನಿಯವರ ಕಡೆ.

(ಇಲ್ಲಿ 31 ಮೆಸೇಜ್ ಅಡ್ಮಿನ್ ಅಳಿಸಿದ್ದಾರೆ.)

ಮೈಸೂರು ಮಲ್ಲಿಗೆ: ಮಾವ, ನಾನು ಕಾಯ್ತಾ ಕಾಯ್ತಾ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಎರಡು, ಎಕ್ಸ್‌ಟ್ರಾ ಬ್ಯಾಟರಿ, ಎಲ್-ಪ್ಲೇಟ್, ಸ್ಕ್ರೀನ್ ಗಾರ್ಡ್ ಎಲ್ಲ ತಗೊಂಡೆ.

ರಿಪೇರಿ ಮಾವ: ಕೂಸು ಹುಟ್ಟೋಕೆ ಮುಂಚೆ ಕುಲಾವಿ. ಬ್ಯಾಟರಿ ಇಎನ್-ಇಎಲ್18 ಸಾಲಿನದೇ ತಾನೆ? ಡೂಪ್ಲಿಕೇಟ್ ಆದರೆ ವಾಪಸ್ ಕೊಡಿ.

ಹುಬ್ಬಳ್ಳಿ ಹುಡುಗ: ಸರ್, ಅಂದಾಜು ಒಂದ್ ತಾರೀಖ್ ಹೇಳ್ರಿ. ಮೇದಾಗ? ಜೂನ್‌ದಾಗ?

ರಿಪೇರಿ ಮಾವ: ತಮ್ಮಾ, ನಾನು ರಿಪೇರಿಯವನು, ಪಂಚಾಂಗದವನಲ್ಲ. ಇದೇ ಪ್ರಶ್ನೆ ಇನ್ನೊಮ್ಮೆ ಬಂದ್ರೆ ನಾನು ಎದ್ದೆ.

ಧಾರವಾಡ ಪೇಡಾ: ಮಾವಾ, ಲೆನ್ಸಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ರ ಗೀರು ಹೋಗ್ತಾವಂತ ಹೌದಾ? ಫಾರ್ವರ್ಡ್ ಬಂದೈತಿ.

ರಿಪೇರಿ ಮಾವ: ಎದ್ದೆ.

ಅಡ್ಮಿನ್: ಕಾಮೆಂಟ್ ಬಂದ್ ಮಾಡ್ತಿದ್ದೀನಿ. ಗೌರವದಿಂದ ಕೇಳಿ ಅಂದಿದ್ದೆ.

ಅಡ್ಮಿನ್ (ಹನ್ನೆರಡು ದಿನದ ಮೇಲೆ): ಇಬ್ಬರ ವಿಷಯಕ್ಕೆ ಮಾತ್ರ ತೆರೆದಿದ್ದೀನಿ.

ದಾವಣಗೆರೆ ಸ್ಟುಡಿಯೋ: ಮಾವ, ರಸೀದಿ ಬರೆಸ್ಕೊಂಡೆ. ಎರಡನೇ ಡಿ850 ಗಿರಾಕಿ ಅಡ್ವಾನ್ಸ್ ಮಾತ್ರ ಕೊಟ್ಟಿದ್ದ, ಬಾಡಿ ಇನ್ನೂ ನನ್ನ ಬೀರುವಿನಲ್ಲೇ ಇತ್ತು. ಅಡ್ವಾನ್ಸ್ ವಾಪಸ್ ಕೊಟ್ಟು ಕೈಮುಗಿದೆ. ಹಳೇ ಗಂಡನ ಪಾದವೇ ಗತಿ. ಜೊತೆಗೆ ಇನ್ನೊಂದು ಡಿ850 ಬಾಡಿಗೆಗೆ ಹರಿಹರದಲ್ಲಿ ಸಿಕ್ತು.

ರಿಪೇರಿ ಮಾವ: ಮದುವೆಗೆ ಮುಂಚೆ ಆ ಬಾಡಿಗೆ ಕ್ಯಾಮೆರಾದ ಸೆನ್ಸರ್ ಒಂದು ಸಲ ನೋಡಿಸಿ. ಶಿರಸಿ ಮೇಡಂ, ಲೆನ್ಸ್ ತಲುಪಿ ಬಿಚ್ಚಿದೆ. ಫಂಗಸ್ ಮುಂದಿನ ಗಾಜುಗಳ ಗುಂಪಿನ ಒಳಮುಖದಲ್ಲಿ ಮಾತ್ರ, ಕೋಟಿಂಗ್ ಉಳಿದಿದೆ. ಅಪರ್ಚರ್ ಸ್ವಲ್ಪ ನಿಧಾನ, ಎಲೆ ತೊಳೀತಿದ್ದೀನಿ. ಮೌಂಟ್ ಹತ್ತಿರ ಅರ್ಧ ಅಕ್ಕಿಕಾಳು ಸಿಕ್ತು. ಚೀಟಿಯಲ್ಲಿ ಸುತ್ತಿ ಬಿಲ್ ಜೊತೆ ಕಳಿಸ್ತೀನಿ.

ಶಿರಸಿ ಮಂಗಟ್ಟೆ: ಅಯ್ಯೋ ಸರ್. ಅದು ಸೋನಾ ಮಸೂರಿ.

ಮೇಷ್ಟ್ರು (ನಿವೃತ್ತ): ತೆರೆದಿರುವುದರಿಂದ ಕೇಳುತ್ತಿದ್ದೇನೆ, ಆ ಬಾಲ್ ಹೆಡ್...