ಸಹಾಯ ಬೇಕು: ಕೇಬಲ್ ಲಗ್ ಮೇಲಿನ ನಂಬರ್ ಮತ್ತು ಡೈ ನಂಬರ್

ಎಲ್ಲರಿಗೂ ನಮಸ್ಕಾರ. ನಮ್ಮ ಹಿಟ್ಟಿನ ಗಿರಣಿಯ ಮೇನ್ ಸ್ವಿಚ್‌ಗೆ ಬರುವ 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್‌ನ ಒಂದು ತುದಿ ಹೋದ ವಾರ ಬಿಸಿಯಾಗಿ, ಲಗ್ (ಕೇಬಲ್ ತುದಿಗೆ ಒತ್ತಿ ಕೂರಿಸುವ, ಬೋಲ್ಟ್ ತೂತಿರುವ ಲೋಹದ ತುಂಡು) ಪಕ್ಕದ ಇನ್ಸುಲೇಶನ್ ಕಂದು ಬಣ್ಣಕ್ಕೆ ತಿರುಗಿತ್ತು. ಬಿಚ್ಚಿ ಎಳೆದರೆ ವಯರ್ ಸಲೀಸಾಗಿ ಕೈಗೆ ಬಂತು! ನೋಡಿ ಎದೆ ಧಸಕ್ ಅಂತು. ಅಪ್ಪ ದಿನವಿಡೀ ಅದರ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಾರೆ.

ಈಗ ನನ್ನ ಹತ್ತಿರ ಎರಡು ಥರದ ತಾಮ್ರದ ಲಗ್ ಇವೆ. ಒಂದು ಸಾಮಾನ್ಯ ಥರದ್ದು, ಅದರ ಮೇಲೆ ಬರೀ 16-6 ಅಂತಿದೆ. 16 ಅಂದ್ರೆ ಕೇಬಲ್ ಸೈಜು, 6 ಅಂದ್ರೆ ಎಂ6 ಬೋಲ್ಟ್, ಅಷ್ಟು ಗೊತ್ತು. ಇನ್ನೊಂದು ಡಿನ್ 46235 (ಜರ್ಮನ್ ಮಾನದಂಡ) ಪ್ರಕಾರದ್ದು. ಅದರ ಕೊಳವೆ ಉದ್ದ ಜಾಸ್ತಿ, ಕಂಪನಿ ಗುರುತಿನ ಜೊತೆ 16, 6 ಮಾತ್ರವಲ್ಲದೆ 8 ಅಂತಲೂ ಇದೆ. ಆ 8 ಡೈ (ಲಗ್ ಒತ್ತುವ ಉಪಕರಣದ ಅಚ್ಚು) ನಂಬರ್, ಅಲ್ವಾ? ಒತ್ತಿದ ಮೇಲೆ ಲಗ್ ಮೇಲೂ ಅದೇ ನಂಬರ್ ಅಚ್ಚಾಗುತ್ತದೆ ಅಂತ ಓದಿದ್ದೆ.

ಹಳೆಯ ಲಗ್ ಸಾಮಾನ್ಯ ಥರದ್ದು. ಅದನ್ನು ಡಿನ್ ಡೈಯಲ್ಲಿ ಒತ್ತಿದ್ದೇ ತಪ್ಪಾಯಿತಾ? ಸಾಮಾನ್ಯ ಲಗ್‌ಗೆ ಯಾವ ಡೈ ಅಂತ ಹೇಗೆ ತಿಳಿಯುವುದು? ನಮ್ಮದು ತುಂಬಾ ಸಣ್ಣ ಎಳೆಗಳ ಮೆತ್ತನೆಯ ಕೇಬಲ್, ಅದಕ್ಕೆ ಬೇರೆ ಲಗ್ಗೇ ಬೇಕಾ?

ಅಂಗಡಿಯವರು ಐಎಸ್ 8309 (ಭಾರತೀಯ ಮಾನದಂಡ) ಲಗ್ ತಗೊಳ್ಳಿ ಅಂದರು. ಆದರೆ ಅದು ಅಲ್ಯೂಮಿನಿಯಂ ಕೇಬಲ್‌ಗಳದ್ದು, ಹಾಗಾಗಿ ಬೇಡ ಅಂದೆ.

ಸದ್ಯ ಗಿರಣಿ ನಿಲ್ಲಿಸಿದ್ದೇವೆ. ಪ್ಯಾನೆಲ್ ಕೆಲಸ ಮಾಡುವವರು ಯಾರಾದರೂ ದಯವಿಟ್ಟು ತಿಳಿಸಿ. ಲಗ್, ಡೈ ಎರಡರ ಫೋಟೋ ಹಾಕುತ್ತೇನೆ.