ಮೆರಿಡಿಯನ್‌ಗೆ ಕನ್ನಡದಲ್ಲಿ ಏನನ್ನೋಣ: ನಾಡಿ, ವಾಹಿನಿ, ಜಾಡು?

ಎಲ್ಲರಿಗೂ ನಮಸ್ಕಾರ.

ಅಪ್ಲೈಡ್ ಕಿನಿಸಿಯಾಲಜಿ ಬಗ್ಗೆ ಒಂದು ಕೈಪಿಡಿಯ ಕನ್ನಡ ಕರಡು ತಿದ್ದುವುದಕ್ಕೆ ನನ್ನ ಕೈಗೆ ಬಂದಿದೆ. ಅದರಲ್ಲಿ ಆಕ್ಯುಪಂಕ್ಚರ್‌ನ ಮೆರಿಡಿಯನ್ ಮತ್ತು ಪಾಯಿಂಟ್‌ಗಳ ಅಧ್ಯಾಯವೇ ಎಲ್ಲಕ್ಕಿಂತ ಉದ್ದ. ಮೆರಿಡಿಯನ್ ಅಂದರೆ, ಚಿ ಎಂಬ ಜೀವಶಕ್ತಿ ದೇಹದಲ್ಲಿ ಸಾಗುತ್ತದೆ ಎಂದು ಚೀನೀ ವೈದ್ಯದಲ್ಲಿ ಹೇಳುವ ದಾರಿ; ಪಾಯಿಂಟ್ ಅಂದರೆ ಆ ದಾರಿಯಲ್ಲಿ ಸೂಜಿ ಚುಚ್ಚುವ, ಒತ್ತುವ ಜಾಗ. ಅನುವಾದಕರು ಮೆರಿಡಿಯನ್‌ಗೆ ಒಂದು ಪುಟದಲ್ಲಿ ನಾಡಿ ಅಂದಿದ್ದಾರೆ, ಇನ್ನೊಂದರಲ್ಲಿ ವಾಹಿನಿ, ಮತ್ತೊಂದು ಕಡೆ ಶಕ್ತಿರೇಖೆ. ಎಲ್ಲಾದರೂ ಒಂದು ಕಡೆ ನಿಲ್ಲಬೇಕಲ್ವಾ? ನನಗೆ ತೋಚಿದ್ದನ್ನು ಬರೆಯುತ್ತೇನೆ. ಒಪ್ಪದವರು ಧಾರಾಳವಾಗಿ ಜಗಳ ಆಡಬಹುದು.

ವಿಷಯ ಹೊಸದಾಗಿರುವವರಿಗೆ ಎರಡು ಮಾತು. ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಜಾರ್ಜ್ ಗುಡ್‌ಹಾರ್ಟ್ ಎಂಬ ಕೈರೋಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು) ಇದ್ದರು. 1964ರಲ್ಲಿ ಅವರು ಸ್ನಾಯುಗಳ ಬಲ ನೋಡುವ ಪರೀಕ್ಷೆಯನ್ನೇ ದೇಹದ ತೊಂದರೆ ಗುರುತಿಸುವ ದಾರಿಯನ್ನಾಗಿ ಮಾಡಿಕೊಂಡರು. ಅದೇ ಅಪ್ಲೈಡ್ ಕಿನಿಸಿಯಾಲಜಿ. ರೋಗಿ ತೋಳನ್ನು ಚಾಚಿ ಹಿಡಿಯುತ್ತಾರೆ. ಪರೀಕ್ಷೆ ಮಾಡುವವರು ಅದನ್ನು ಕೆಳಕ್ಕೆ ಒತ್ತುತ್ತಾರೆ. ತೋಳು ನಿಂತರೆ ಒಂದು ಅರ್ಥ, ಜಾರಿದರೆ ಇನ್ನೊಂದು. ಮುಂದೆ ಅವರು ಚೀನೀ ಆಕ್ಯುಪಂಕ್ಚರ್‌ನ ಮೆರಿಡಿಯನ್‌ಗಳನ್ನೂ ಇದಕ್ಕೆ ಸೇರಿಸಿಕೊಂಡರು. ಒಂದೊಂದು ಸ್ನಾಯುವಿಗೂ ಒಂದು ಅಂಗ, ಒಂದು ಮೆರಿಡಿಯನ್. ಹೆಗಲಿನ ಡೆಲ್ಟಾಯ್ಡ್‌ಗೆ ಶ್ವಾಸಕೋಶ, ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್‌ಗೆ ಸಣ್ಣ ಕರುಳು, ಸೊಂಟದ ಒಳಗಿನ ಸೋಯಸ್‌ಗೆ ಮೂತ್ರಪಿಂಡ, ಹೀಗೆ. 1970ರ ದಶಕದಲ್ಲಿ ಜಾನ್ ಥೀ ಎಂಬ ಇನ್ನೊಬ್ಬ ಕೈರೋಪ್ರಾಕ್ಟರ್ ಇದನ್ನೇ ಸರಳ ಮಾಡಿ, 14 ಮೆರಿಡಿಯನ್‌ಗೆ 14 ಸ್ನಾಯು ಅಂತ ಇಟ್ಟುಕೊಂಡು, ವೈದ್ಯರಲ್ಲದವರಿಗೂ ಕಲಿಸಿದರು.

ಇದು ನಿಜವಾಗಿ ಕೆಲಸ ಮಾಡುತ್ತದಾ ಅನ್ನೋದು ಬೇರೆ ಚರ್ಚೆ. ಆದರೂ ಒಂದು ಮಾತು ಹೇಳಲೇಬೇಕು. ಪರೀಕ್ಷೆ ಮಾಡುವವರಿಗೂ ರೋಗಿಗೂ ಉತ್ತರದ ಸುಳಿವು ಸಿಗದಂತೆ ನಡೆಸಿದ ಪ್ರಯೋಗಗಳಲ್ಲಿ ಈ ಸ್ನಾಯು ಪರೀಕ್ಷೆ ಸುಮ್ನೆ ಊಹೆ ಮಾಡಿದ್ದಕ್ಕಿಂತ ಮೇಲೆನಿಸಲಿಲ್ಲ. ದೇಹವನ್ನು ಕೊಯ್ದು ನೋಡಿದರೆ ಮೆರಿಡಿಯನ್ ಎಂಬ ಕೊಳವೆಯಾಗಲಿ ಎಳೆಯಾಗಲಿ ಕಾಣುವುದೂ ಇಲ್ಲ. ಪದ ಆರಿಸುವಾಗ ನನಗೆ ಮುಖ್ಯ ಅನ್ನಿಸುವುದು ಇದೇ. ಕೆಲವು ಕನ್ನಡ ಪದಗಳು, ಕಾಣದ ರಚನೆಯನ್ನು ಇದೆ ಅಂತ ನಂಬಿಸಿಬಿಡುತ್ತವೆ. ಕೈಪಿಡಿ ಏನನ್ನು ಹೇಳುತ್ತದೋ ಅಷ್ಟನ್ನೇ ನಮ್ಮ ಪದವೂ ಹೇಳಬೇಕು, ಅದಕ್ಕಿಂತ ಜಾಸ್ತಿ ಅಲ್ಲ.

ಮೊದಲು ನಾಡಿ. ಹೆಚ್ಚಿನವರ ಬಾಯಿಗೆ ಥಟ್ಟನೆ ಬರುವ ಪದ ಇದು. ಯೋಗದಲ್ಲಿ ಇಡಾ, ಪಿಂಗಳಾ, ಸುಷುಮ್ನಾ ಇವೆ, 72,000 ನಾಡಿಗಳ ಲೆಕ್ಕ ಇದೆ. ಪ್ರಾಣ ಹರಿಯುವ ದಾರಿ, ಚಿ ಹರಿಯುವ ದಾರಿ, ಎರಡೂ ಒಂದೇ ಅಲ್ವಾ ಅನ್ನಿಸುತ್ತದೆ. ಆದರೆ ಕನ್ನಡದಲ್ಲಿ ನಾಡಿ ಎಂದರೆ ಮೊದಲು ನೆನಪಾಗುವುದು ಮಣಿಕಟ್ಟಿನ ಮಿಡಿತ. ಚೀನೀ ವೈದ್ಯರೂ ಅದೇ ಮಣಿಕಟ್ಟಿನಲ್ಲಿ ಬೆರಳಿಟ್ಟು ನಾಡಿ ನೋಡುತ್ತಾರೆ. ಹಾಗಾಗಿ ಕರಡಿನಲ್ಲಿ ಇಂಥ ವಾಕ್ಯ ಬಂದಿದೆ: ‘ನಾಡಿ ಹಿಡಿದು ಯಾವ ನಾಡಿಯಲ್ಲಿ ತಡೆಯಿದೆ ಎಂದು ತಿಳಿಯುತ್ತಾರೆ.’ ಓದಿದವರು ಏನಂತ ತಿಳಿಯಬೇಕು? ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಬೆನ್ನಿನ ನಡುವೆ ಸಾಗುವ, ಗವರ್ನಿಂಗ್ ವೆಸೆಲ್ ಎಂಬ ಮೆರಿಡಿಯನ್‌ಗೆ ಅನುವಾದಕರು ಸುಷುಮ್ನಾ ಎಂದೇ ಬರೆದುಬಿಟ್ಟಿದ್ದಾರೆ. ಇದು ಅನುವಾದ ಅಲ್ಲ, ಎರಡು ಪರಂಪರೆಗಳಿಗೆ ಒತ್ತಾಯದ ಮದುವೆ. ಚೀನೀ ಪಟ್ಟಿಯಲ್ಲಿ ಇರುವುದು ಎರಡೂ ಬದಿಗೆ ಜೋಡಿಯಾಗಿ ಸಾಗುವ 12, ಜೊತೆಗೆ ಬೆನ್ನಿನ ನಡುವೆ ಒಂದು, ಹೊಟ್ಟೆಯ ನಡುವೆ ಒಂದು. ಅದರಲ್ಲಿ ಚಕ್ರ ಇಲ್ಲ, ಕುಂಡಲಿನಿ ಇಲ್ಲ.

ವಾಹಿನಿ ಕೇಳುವುದಕ್ಕೆ ಚೆನ್ನಾಗಿದೆ. ಇಂಗ್ಲಿಷ್‌ನಲ್ಲಿ ಬರೆಯುವ ಎಷ್ಟೋ ಮಂದಿ ಈಗ ಮೆರಿಡಿಯನ್ ಬಿಟ್ಟು ಚಾನೆಲ್ ಅನ್ನುವುದರಿಂದ ಅದಕ್ಕೆ ಹತ್ತಿರವೂ ಹೌದು. ಆದರೆ ರಕ್ತವಾಹಿನಿ ಅಂತ ಶಾಲೆಯಲ್ಲೇ ಓದಿದವರು ನಾವು. ‘ಯಕೃತ್ತಿನ ವಾಹಿನಿ’ ಅಂದರೆ ಪಿತ್ತಜನಕಾಂಗಕ್ಕೆ ಹೋಗುವ ರಕ್ತನಾಳ ಅಂತಲೇ ತಿಳಿಯುತ್ತೇವೆ. ಇಲ್ಲವಾದರೆ ಟೀವಿ ವಾಹಿನಿ. ನರ ಬೇಡವೇ ಬೇಡ. ಆಡುಮಾತಿನಲ್ಲಿ ನರ ಈಗಾಗಲೇ ನರ್ವ್, ರಕ್ತನಾಳ ಎಲ್ಲದರ ಕೆಲಸವನ್ನೂ ಮಾಡುತ್ತಿದೆ, ಇನ್ನೊಂದು ಹೊರೆ ಯಾಕೆ? ಶಕ್ತಿರೇಖೆ ಅಷ್ಟೇನೂ ಕೆಟ್ಟದ್ದಲ್ಲ, ಆದರೆ ಪ್ರತಿ ಸಾಲಿನಲ್ಲೂ ಶಕ್ತಿ ಶಕ್ತಿ ಅಂತ ಬಂದರೆ ಕೈಪಿಡಿ ಜಾಹೀರಾತಿನ ಹಾಗೆ ಓದಿಸಿಕೊಳ್ಳುತ್ತದೆ.

ಹಾಗಾದರೆ ಮೂಲದಲ್ಲಿ ಏನಿದೆ? ಚೀನೀ ಪದ ಜಿಂಗ್‌ಲುವೊ. ಲುವೊ ಎಂದರೆ ಬಲೆ, ಜಾಲ. ಜಿಂಗ್ ಎಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲು. ನಮ್ಮಲ್ಲಿ ಅದಕ್ಕೆ ಹಾಸು ಅನ್ನುತ್ತೇವೆ, ಅಡ್ಡಕ್ಕೆ ಹೋಗುವುದು ಹೊಕ್ಕು. ಹಾಸುಹೊಕ್ಕಾಗಿದೆ ಅನ್ನುವಾಗ ನಾವು ಹೇಳುವ ಅದೇ ಹಾಸು. ಭೂಗೋಳದ ರೇಖಾಂಶಕ್ಕೂ ಚೀನೀಯರು ಇದೇ ಜಿಂಗ್ ಪದ ಬಳಸುತ್ತಾರೆ. 1930ರ ದಶಕದಲ್ಲಿ ಜಾರ್ಜ್ ಸೂಲಿಯೆ ದ ಮೊರಾಂ ಎಂಬ ಫ್ರೆಂಚ್ ಲೇಖಕ ಆಕ್ಯುಪಂಕ್ಚರ್ ಬಗ್ಗೆ ಬರೆಯುವಾಗ ಜಿಂಗ್‌ಗೆ ಮೆರಿಡಿಯನ್ ಎಂದು ಹಾಕಿ, ಅದು ಯುರೋಪಿನಲ್ಲೆಲ್ಲ ಹಬ್ಬಿತು. ಅಲ್ಲಿಂದ ಗುಡ್‌ಹಾರ್ಟ್ ಕಾಲಕ್ಕೆ ಇಂಗ್ಲಿಷ್‌ನಲ್ಲಿ ಅದೇ ಗಟ್ಟಿಯಾಗಿತ್ತು. ಅಂದರೆ ಮೆರಿಡಿಯನ್ ಎಂಬುದೇ ಒಂದು ಅನುವಾದ. ಅದನ್ನು ಪವಿತ್ರ ಅಂತ ಕಾಪಾಡಬೇಕಿಲ್ಲ.

ಹಾಸು ಎಂದೇ ಬರೆಯೋಣವೇ ಅಂತ ಒಂದು ಗಳಿಗೆ ಆಸೆಯಾಯಿತು. ಆದರೆ ‘ಮೂತ್ರಪಿಂಡದ ಹಾಸು’ ಅಂದರೆ ಯಾರಿಗೆ ಅರ್ಥವಾದೀತು? ಹಾಸಿಗೆ ಅಂದುಕೊಂಡಾರು. ಕೊನೆಗೆ ನನ್ನ ಮತ ಜಾಡು. ಜಾಡು ಹಿಡಿದು ಹೋಗುವುದು ನಮಗೆ ಗೊತ್ತು. ಜಾಡು ಎಂದರೆ ಏನೋ ಸಾಗಿದ ಗುರುತು, ಅದಕ್ಕೆ ಗೋಡೆ ಬೇಕಿಲ್ಲ, ಕೊಳವೆ ಬೇಕಿಲ್ಲ. ಅಂಗರಚನೆಯ ಬಗ್ಗೆ ಅದು ಏನನ್ನೂ ಹೇಳಿಕೊಳ್ಳುವುದಿಲ್ಲ. ಈ ಜಾಗದಲ್ಲಿ ನನಗೆ ಬೇಕಾದ ಗುಣ ಅದೇ. ಮೊದಲ ಸಲ ಬಂದಾಗ ‘ಮೆರಿಡಿಯನ್ ಜಾಡು’ ಎಂದು ಬರೆದು, ಆಮೇಲೆ ಬರೀ ಜಾಡು ಅನ್ನಬಹುದು.

ಪಾಯಿಂಟ್‌ಗೆ ಬರೋಣ. ಬಿಂದು ಎಲ್ಲರಿಗೂ ಗೊತ್ತು, ಅದನ್ನೇ ಉಳಿಸಬಹುದು. ಆದರೆ ಚೀನೀ ಪದ ಶ್ಯುಎ ಎಂದರೆ ಗುಹೆ, ಪೊಟರೆ, ಗುಳಿ. ಬಿಂದುವಿಗೆ ಅಗಲವೂ ಇಲ್ಲ, ಆಳವೂ ಇಲ್ಲ. ಗುಳಿಗೆ ಎರಡೂ ಇವೆ, ಬೆರಳಿಗೆ ಸಿಗುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವಿನ ಪ್ರಸಿದ್ಧ ಬಿಂದುವಿನ ಹೆಸರು ಹೆಗು, ಅಂದರೆ ಕೂಡುಕಣಿವೆ. ಬಿಂದು ಹುಡುಕುವ ವಿವರಣೆ ಬಂದಲ್ಲೆಲ್ಲ ‘ಬೆರಳಿಗೆ ಸಿಗುವ ಗುಳಿ’ ಅಂತ ಸೇರಿಸಿದರೆ ಓದುಗರಿಗೆ ಅನುಕೂಲ.

ಕರಡಿನಲ್ಲಿ ಬಿಂದುವಿಗೆ ಬಂದಿರುವ ಮರ್ಮ ಎಂಬ ಪದವನ್ನು ಮಾತ್ರ ತೆಗೆಯಲೇಬೇಕು. ಸುಶ್ರುತ ಹೇಳುವ ಮರ್ಮಗಳು 107. ಅಲ್ಲಿ ಅವುಗಳನ್ನು ವಿಂಗಡಿಸಿರುವುದು ಪೆಟ್ಟು ಬಿದ್ದರೆ ಏನಾಗುತ್ತದೆ ಎಂಬುದರ ಮೇಲೆ. ತಕ್ಷಣ ಪ್ರಾಣ ಹೋಗುವಂಥವು 19, ಊನ ಮಾಡುವಂಥವು 44, ಹೀಗೆ. ಅದು ಕತ್ತಿ ತಾಗಬಾರದ ಜಾಗಗಳ ಪಟ್ಟಿ. ಆಕ್ಯುಪಂಕ್ಚರ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಪಟ್ಟಿಯಂತೆ, ಬಿಂದುಗಳು 361. ಅವು ಬೇಕೆಂದೇ ಸೂಜಿ ಚುಚ್ಚುವ, ಒತ್ತುವ ಜಾಗಗಳು. ಕನ್ನಡದಲ್ಲಿ ಮಾತು ಮರ್ಮಕ್ಕೆ ತಟ್ಟಿತು ಅಂದರೆ ನೋವಾಯಿತು ಅಂತ ಅರ್ಥ. ‘ಮರ್ಮವನ್ನು ಗಟ್ಟಿಯಾಗಿ ಒತ್ತಿ’ ಅಂತ ಓದಿದವರು ಕೈ ಹಿಂದಕ್ಕೆ ಎಳೆದುಕೊಂಡಾರು!

ಅಳತೆಯಲ್ಲೂ ಒಂದು ಮುಳ್ಳಿದೆ. ಬಿಂದುಗಳ ದೂರವನ್ನು ಸುನ್ ಎಂಬ ಮಾನದಲ್ಲಿ ಹೇಳುತ್ತಾರೆ. ರೋಗಿಯ ಹೆಬ್ಬೆರಳಿನ ಅಗಲ ಒಂದು ಸುನ್, ನಾಲ್ಕು ಬೆರಳು ಜೋಡಿಸಿದರೆ ಮೂರು ಸುನ್. ಕರಡಿನಲ್ಲಿ ಇದಕ್ಕೆ ಅಂಗುಲ ಅಂತಿದೆ. ಹಳೆಯ ಅರ್ಥದಲ್ಲಿ ಸರಿಯೇ, ಆಯುರ್ವೇದದಲ್ಲೂ ಅವರವರ ಬೆರಳೇ ಅಳತೆ. ಆದರೆ ಇವತ್ತು ಅಂಗುಲ ಅಂದರೆ ಇಂಚು, ಟೇಪು ಹಿಡಿದು ಅಳೆಯುತ್ತಾರೆ. ಜಠರದ ಜಾಡಿನ 36ನೆಯ ಬಿಂದುವನ್ನೇ ನೋಡಿ. ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಗುಳಿಯಿಂದ ಮೂರು ಸುನ್ ಕೆಳಗೆ, ಮಂಡಿಯ ಕೆಳಗಿನ ಮುಂಭಾಗದ ಮೂಳೆಯ ಏಣಿನಿಂದ ಒಂದು ಬೆರಳು ಹೊರಕ್ಕೆ. ಮೂರಿಂಚು ಅಂದರೆ ಏಳೂವರೆ ಸೆಂಟಿಮೀಟರ್ ದಾಟುತ್ತದೆ. ಚಿಕ್ಕ ಮಗುವಿನ ಕಾಲಿನಲ್ಲಿ ಅಷ್ಟು ಅಳೆದರೆ ಎಲ್ಲಿಗೋ ಹೋಗುತ್ತದೆ. ‘ರೋಗಿಯ ನಾಲ್ಕು ಬೆರಳಗಲ ಕೆಳಗೆ’ ಅಂತ ಬರೆದರೆ ಮುಗಿಯಿತು. ಬೆರಳಗಲ ಎಂಥ ಒಳ್ಳೆಯ ಪದ, ಯಾಕೆ ಬಿಟ್ಟರೋ.

ಇನ್ನು ಪರೀಕ್ಷೆಯ ಮಾತು. ಸ್ನಾಯು ‘ದುರ್ಬಲ’, ‘ಸಬಲ’ ಅಂತ ಕರಡಿನ ತುಂಬ ಇದೆ. ಈ ಪರೀಕ್ಷೆ ಮಾಡುವವರ ಮಾತಿನಲ್ಲಿ ವೀಕ್ ಅಂದರೆ ಶಕ್ತಿಯಿಲ್ಲದ ಸ್ನಾಯು ಅಲ್ಲ, ಒತ್ತಿದ ಗಳಿಗೆಯಲ್ಲಿ ತಡೆದು ನಿಲ್ಲದ ಸ್ನಾಯು. ದಿನಾ ಭಾರ ಎತ್ತುವವರ ಸ್ನಾಯುವೂ ಹಾಗೆ ಜಾರಬಹುದು ಅನ್ನುತ್ತಾರೆ. ಹಾಗಾಗಿ ‘ಸ್ನಾಯು ನಿಂತಿತು’, ‘ಸ್ನಾಯು ಬಿಟ್ಟಿತು’ ಅಂದರೆ ಸಾಕು. ಇಲ್ಲಿ ನಾಮಪದಕ್ಕಿಂತ ಕ್ರಿಯಾಪದ ಗಟ್ಟಿ.

ಇದರ ಜೊತೆಗೇ ಇರುವ ದೊಡ್ಡ ಅಪಾಯ ಅಂಗಗಳ ಹೆಸರು. ತೋಳು ಜಾರಿದರೆ ಕೈಪಿಡಿಯಲ್ಲಿ ‘ಶ್ವಾಸಕೋಶ ದುರ್ಬಲ’ ಎಂದು ಬರುತ್ತದೆ. ಇಂಗ್ಲಿಷ್‌ನಲ್ಲೂ ಅವರು ಮಾತಿನ ಭರದಲ್ಲಿ ಮೆರಿಡಿಯನ್ ಎಂಬ ಪದವನ್ನು ನುಂಗಿಬಿಡುತ್ತಾರೆ, ಅದೇ ಇಲ್ಲಿಗೂ ಬಂದಿದೆ. ಓದಿದವರಿಗೆ ನಿಜವಾದ ಶ್ವಾಸಕೋಶಕ್ಕೆ ಕಾಯಿಲೆ ಅಂತ ಕೇಳಿಸುತ್ತದೆ. ಒಬ್ಬರು ಹೆದರಿ ಎಕ್ಸ್‌ರೇಗೆ ಓಡುತ್ತಾರೆ. ಇನ್ನೊಬ್ಬರು ‘ಶ್ವಾಸಕೋಶ ಸಬಲ’ ಅಂದದ್ದನ್ನು ನಂಬಿ, ವಾರಗಟ್ಟಲೆ ಕೆಮ್ಮಿದ್ದರೂ ಸುಮ್ಮನಿರುತ್ತಾರೆ. ಎರಡನೆಯದೇ ಹೆಚ್ಚು ಕೆಟ್ಟದ್ದು. ಜಾಡು ಎಂಬ ಪದವನ್ನು ಎಲ್ಲಿಯೂ ಬಿಡದೆ ‘ಶ್ವಾಸಕೋಶ-ಜಾಡಿನ ಸ್ನಾಯು ಬಿಟ್ಟಿತು’ ಅಂತಲೇ ಬರೆಯಬೇಕು ಅನ್ನೋದು ನನ್ನ ಹಟ. ಉದ್ದವಾದರೂ ಪರವಾಗಿಲ್ಲ.

ಅಲಾರ್ಮ್ ಪಾಯಿಂಟ್‌ಗೆ ‘ಅಪಾಯ ಬಿಂದು’ ಎಂದಿದ್ದಾರೆ. ಹೊಟ್ಟೆ ಎದೆಗಳ ಮೇಲಿರುವ, ಒಂದೊಂದು ಜಾಡಿಗೂ ಒಂದರಂತೆ ಇರುವ ಬಿಂದುಗಳಿವು. ರೋಗಿ ಅದನ್ನು ಮುಟ್ಟಿಕೊಂಡಾಗ ಸ್ನಾಯು ಪರೀಕ್ಷೆಯ ಫಲ ಬದಲಾಗುತ್ತದಾ ಅಂತ ನೋಡುತ್ತಾರೆ, ಅಷ್ಟೆ. ಚೀನೀ ಹೆಸರು ಮು, ಒಟ್ಟುಗೂಡುವುದು ಎಂಬ ಅರ್ಥ. ‘ಸುಳಿವಿನ ಬಿಂದು’ ಸಾಕಲ್ವಾ? ಟ್ರಿಪಲ್ ಹೀಟರ್ ಎಂಬ ಜಾಡಿಗೆ ‘ತ್ರಿವಿಧ ತಾಪಕ’ ಅಂತಿದೆ, ನೀರು ಕಾಯಿಸುವ ಯಂತ್ರ ನೆನಪಾಯಿತು. ಆ ಹೆಸರಿನ ಅಂಗ ದೇಹದಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಚೀನೀ ಹೆಸರು ಸಾನ್‌ಜಿಯಾವೊ ಎಂದೇ ಬಿಡೋಣ. ಸರ್ಕ್ಯುಲೇಷನ್-ಸೆಕ್ಸ್ ಎಂಬುದು ಇನ್ನೊಂದು ಜಾಡಿನ ಹಳೆಯ ಹೆಸರು, ಅದಕ್ಕೆ ಹೃದಯಾವರಣ ಸಾಕು, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವುದೂ ಪೆರಿಕಾರ್ಡಿಯಮ್ಮೇ.

ನನಗೆ ಬಗೆಹರಿಯದೆ ಉಳಿದಿರುವುದು ಒಂದು. ಜಾಡು ಎಂದು ಒಪ್ಪಿದರೆ ಅದರಲ್ಲಿ ಚಿ ಏನು ಮಾಡುತ್ತದೆ? ಹರಿಯುತ್ತದೆ ಅನ್ನುವುದಕ್ಕೆ ಕಾಲುವೆ ಬೇಕು. ಜಾಡಿನಲ್ಲಿ ಹರಿಯುವುದು ಕಿವಿಗೆ ಒಗ್ಗುತ್ತಿಲ್ಲ. ಸಾಗುತ್ತದೆ, ಹಾಯುತ್ತದೆ, ಸುಳಿಯುತ್ತದೆ, ಈ ಮೂರರಲ್ಲಿ ಹಾಯುತ್ತದೆ ನನಗೆ ಇಷ್ಟ. ಆದರೆ ಚಿ ‘ಕಟ್ಟಿಕೊಂಡಿದೆ’ ಎಂದು ಮುಂದಿನ ಸಾಲಿನಲ್ಲೇ ಬರುತ್ತದೆ, ಅದು ಮತ್ತೆ ನೀರಿನ ಮಾತು. ಹಾಯುವುದು ನಿಂತರೆ ಏನನ್ನುತ್ತೀರಿ ನೀವು?